ಜಲಾಂತರ್ಗಾಮಿಗೆ ಹಲಗೆ ಹಾಕಿದ ಬಗೆ

ಉಡುಪಿ ಜಿಲ್ಲೆಯಲ್ಲಿ ಜಲಾಂತರ್ಗಾಮಿ ನೌಕೆ ಒಂದೂ ಇಲ್ಲ. ಇದು ಏಳು ಇಲಾಖೆಗಳ ಲಿಖಿತ ಉತ್ತರಗಳಿಂದ ದೃಢಪಟ್ಟಿರುವ ಸಂಗತಿ. ಬನ್ನಂಜೆಯಲ್ಲಿ ಕಚೇರಿ ಹೊಂದಿರುವ ಕರಾವಳಿ ಗಣಕ ಕ್ರೀಡಾ ಉತ್ತೇಜನ ಮಂಡಳಿಯು ಇದನ್ನು ಖಚಿತಪಡಿಸಿಕೊಳ್ಳಲು ನಾಲ್ಕು ತಿಂಗಳು ತೆಗೆದುಕೊಂಡಿತು. ಏಳನೆಯ ಇಲಾಖೆ ಮಾತ್ರ ‘ಇದ್ದದ್ದು ಒಂದು, ಕೆಟ್ಟುಹೋಗಿ ಗುಜರಿ ಸೇರಿದೆ’ ಎಂದು ಬರೆದು ಮಂಡಳಿಯನ್ನು ಒಂದು ವಾರ ಆತಂಕದಲ್ಲಿಟ್ಟಿತು. ವಿಚಾರಿಸಿದಾಗ ಅದು ಬೋರ್‌ವೆಲ್ಲಿನ ನೀರಿನೊಳಗೆ ಇಳಿಸಿಡುವ ಪಂಪು ಎಂದು ತಿಳಿದುಬಂತು.

ಇಷ್ಟೆಲ್ಲ ಹುಡುಕಾಟಕ್ಕೆ ಕಾರಣಳಾದವಳು ಕಟಪಾಡಿಯ ದೀಕ್ಷಿತಾ. ಮಣಿಪಾಲದಲ್ಲಿ ಮಂಡಳಿಯದೇ ಕಟ್ಟಡದ ಎರಡನೇ ಮಹಡಿಯಲ್ಲಿ ರೇಮಂಡ್ ಎಂಬವರು ಒಂದು ಚಿಕ್ಕ ಕಂಪನಿ ನಡೆಸುತ್ತಾರೆ. ಒಂಬತ್ತು ಜನ ಕೂತು ಕಂಪ್ಯೂಟರ್ ಆಟ ಮಾಡುತ್ತಾರೆ. ಆಟದ ಹೆಸರು ‘ತಳ’. ಅರಬ್ಬೀ ಸಮುದ್ರದ ಅಡಿಯಲ್ಲಿ ಒಂದು ಜಲಾಂತರ್ಗಾಮಿ, ಅದರೊಳಗೆ ನೀವು. ನೌಕೆಗೆ ಪೆಟ್ಟು ಬೀಳುತ್ತದೆ, ನೀರು ನುಗ್ಗುತ್ತದೆ, ನೀವು ಕೋಣೆಯಿಂದ ಕೋಣೆಗೆ ಓಡಿ ಬಾಗಿಲು ಹಾಕಿ ಜೀವ ಉಳಿಸಿಕೊಳ್ಳಬೇಕು. ಆ ನೀರನ್ನೂ ಆ ಬಾಗಿಲುಗಳನ್ನೂ ಮಾಡಿದವಳು ದೀಕ್ಷಿತಾ. ಅದಕ್ಕೆ ಅವಳಿಗೆ ಎರಡು ವರ್ಷ ಹಿಡಿಯಿತು.

ಉಳಿದವರ ಆಟಗಳಲ್ಲಿ ನೀರು ಎಂದರೆ ಮೇಲೇರುವ ನೀಲಿ ಬಣ್ಣ. ಅವಳ ನೀರಿಗೆ ಭಾರ ಇತ್ತು. ನೌಕೆ ಆಳಕ್ಕೆ ಹೋದಷ್ಟೂ ಅದು ಜೋರಾಗಿ ನುಗ್ಗುತ್ತಿತ್ತು, ಹೊಸ್ತಿಲು ದಾಟಿ ಪಕ್ಕದ ಕೋಣೆಗೆ ಇಳಿಯುತ್ತಿತ್ತು, ಚಾವಣಿಯ ಹತ್ತಿರ ಸ್ವಲ್ಪ ಗಾಳಿ ಸಿಕ್ಕಿಕೊಂಡರೆ ಅಲ್ಲಿಗೆ ಏರದೆ ನಿಲ್ಲುತ್ತಿತ್ತು. ಒಂದು ಬದಿಗೆ ನೀರು ತುಂಬಿದ ಬಾಗಿಲನ್ನು ಯಾವ ಗಂಡಸಿಗೂ ತಳ್ಳಲಾಗುತ್ತಿರಲಿಲ್ಲ. ಮೊಣಕಾಲಿಗೆ ನೀರು ಬರುವ ಮೊದಲು ಹಾಕಿದರೆ ಬಾಗಿಲು ನಿಮ್ಮದು, ಆಮೇಲೆ ಅದು ನೀರಿನದ್ದು. ಹಾಕಿ ಚಕ್ರ ತಿರುಗಿಸಿದಾಗ ಬರುವ ಸದ್ದಿಗೇ ಅವಳು ಒಂದು ತಿಂಗಳು ಕೊಟ್ಟಿದ್ದಳು.

ಇದೆಲ್ಲ ಅವಳಿಗೆ ಪುಸ್ತಕದಿಂದ ಬಂದದ್ದಲ್ಲ. ಅವಳ ಅಪ್ಪ ಚೆನ್ನಪ್ಪ ಇಪ್ಪತ್ತೆಂಟು ವರ್ಷ ಮೀನು ಹಿಡಿಯುವ ಟ್ರಾಲ್ ಬೋಟಿನಲ್ಲಿ ತಾಂಡೇಲರಾಗಿ, ಎಂದರೆ ಬೋಟು ನಡೆಸುವವರಾಗಿ, ಇದ್ದವರು. ದೀಕ್ಷಿತಾಳಿಗೆ ಎಂಟು ವರ್ಷವಾಗಿದ್ದಾಗ, ಕಾಪುವಿನಿಂದಾಚೆ ನಡುಕಡಲಿನಲ್ಲಿ ಬೋಟನ್ನು ಮುಂದೆ ತಳ್ಳುವ ಫ್ಯಾನಿನ ಶಾಫ್ಟ್ ಕಿತ್ತುಹೋಗಿ ಇಂಜಿನ್ ರೂಮಿಗೆ ನೀರು ಹೊಕ್ಕಿತು. ಚೆನ್ನಪ್ಪ ಇಂಜಿನ್ ರೂಮಿಗೂ ಮೀನಿನ ಸ್ಟೋರಿಗೂ ನಡುವಿನ ಬಾಗಿಲು ಎಳೆದು ಹಾಕಿ, ಸಂದಿಗೆ ಬಲೆ ತುರುಕಿ, ಬೆನ್ನು ಕೊಟ್ಟು ಕೂತರು. ಹಿಂಭಾಗ ಮುಳುಗಿತು, ಮುಂಭಾಗ ತೇಲಿತು. ನಾಲ್ಕು ಗಂಟೆ ಕಳೆದು ಬೇರೆ ಬೋಟಿನವರು ಬಂದರು, ಏಳು ಮಂದಿ ಮನೆಗೆ ಬಂದರು. ದೀಕ್ಷಿತಾ ಮಾಡಿದ್ದು ಆ ಬಾಗಿಲನ್ನೇ. ಅದನ್ನು ಅವಳು ಕಂಪನಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೆ ಜಗತ್ತಿನಲ್ಲಿ ಎಲ್ಲೋ ಒಬ್ಬ ಅಪರಿಚಿತ ತನ್ನ ಅಪ್ಪನ ಬಾಗಿಲು ಹಾಕಿ ಬದುಕಿಕೊಳ್ಳುತ್ತಾನೆ ಎಂದು ನೆನೆದಾಗಲೆಲ್ಲ ಅವಳಿಗೆ ಸಂತೋಷವಾಗುತ್ತಿತ್ತು.

ಆಟ ಬಿಡುಗಡೆಯಾಗಬೇಕಾದರೆ ಮಂಡಳಿಯಿಂದ ನೈಜತಾ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಸಿಗದ ಕಂಪನಿ ಮೂವತ್ತು ದಿನಗಳೊಳಗೆ ಮಹಡಿ ಖಾಲಿ ಮಾಡಿ, ಮಾಡಿದ ಆಟವನ್ನು ಮಂಡಳಿಯ ಕಪಾಟಿಗೆ ಒಪ್ಪಿಸಬೇಕು. ಕಪಾಟಿನಲ್ಲಿ ಅದಾಗಲೇ ಹನ್ನೆರಡು ಆಟಗಳಿದ್ದವು. ನಿಯಮಾವಳಿಯ ಹದಿನಾಲ್ಕನೇ ನಿಯಮ ಹೀಗೆ ಹೇಳುತ್ತದೆ: ‘ಆಟದಲ್ಲಿ ತೋರಿಸಲಾಗುವ ಯಾವುದೇ ವಸ್ತುವು ಜಿಲ್ಲಾ ವ್ಯಾಪ್ತಿಯಲ್ಲಿ ಅಸ್ತಿತ್ವದಲ್ಲಿರುವ ಅದೇ ವಸ್ತುವಿಗೆ ಅನುಗುಣವಾಗಿರತಕ್ಕದ್ದು, ಅದೇ ವಸ್ತು ಇಲ್ಲದಿದ್ದಲ್ಲಿ ಅದೇ ಕೆಲಸ ಮಾಡುವ ವಸ್ತುವಿಗೆ ಅನುಗುಣವಾಗಿರತಕ್ಕದ್ದು.’ ಜಲಾಂತರ್ಗಾಮಿ ಇಲ್ಲ ಎಂದು ಏಳು ಇಲಾಖೆಗಳು ಬರೆದು ಕೊಟ್ಟ ಮೇಲೆ ಮಂಡಳಿಯು ನಿಯಮದ ಎರಡನೇ ಭಾಗಕ್ಕೆ ಬಂತು. ಜಿಲ್ಲೆಯಲ್ಲಿ ನೀರು ತಡೆಯುವ ಬಾಗಿಲು ಯಾರ ವಶದಲ್ಲಿದೆ ಎಂದು ಪರಿಶೀಲಿಸಲಾಗಿ, ಕಾರ್ಕಳದ ಕಿಂಡಿ ಅಣೆಕಟ್ಟು ಹಲಗೆ ನಿರ್ವಹಣಾ ಉಪವಿಭಾಗದ ಹೆಸರು ಬಂತು.

ಕಿಂಡಿ ಅಣೆಕಟ್ಟನ್ನು ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಹೊಳೆಗೆ ಅಡ್ಡವಾಗಿ ಕಂಬಗಳು, ಕಂಬಗಳ ನಡುವೆ ಕಿಂಡಿ. ಮಳೆ ಮುಗಿದ ಮೇಲೆ ಕಿಂಡಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ನೀರು ನಿಲ್ಲಿಸುತ್ತಾರೆ. ಮಳೆ ಬರುವ ಮೊದಲು ಹಲಗೆ ತೆಗೆಯುತ್ತಾರೆ. ತೆಗೆಯದಿದ್ದರೆ ನೆರೆ ಬಂದು ಅಣೆಕಟ್ಟು ಸಮೇತ ಕೊಚ್ಚಿಕೊಂಡು ಹೋಗುತ್ತದೆ, ಗದ್ದೆ ತೋಟ ಮುಳುಗುತ್ತವೆ. ಸರಳವಾದ, ಸರಿಯಾದ ಪದ್ಧತಿ. ಇಪ್ಪತ್ತಾರು ವರ್ಷ ಇದನ್ನೇ ನಿಷ್ಠೆಯಿಂದ ಮಾಡಿಕೊಂಡು ಬಂದವರು ಉಪವಿಭಾಗದ ಇಂಜಿನಿಯರ್ ಜಿತೇಂದ್ರ. ಅವರ ಕಾಲದಲ್ಲಿ ಒಂದೇ ಒಂದು ಅಣೆಕಟ್ಟು ಕೊಚ್ಚಿಹೋಗಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದೆ ನಡೆದುದರಲ್ಲಿ ಅವರ ದುರುದ್ದೇಶ ಎಳ್ಳಷ್ಟೂ ಇರಲಿಲ್ಲ.

ಜಿತೇಂದ್ರ ಒಂದು ಸೋಮವಾರ ಟೇಪು, ಕೊಡೆ ಮತ್ತು ಗಂಬೂಟಿನೊಂದಿಗೆ ಮಣಿಪಾಲಕ್ಕೆ ಬಂದರು. ಮೊದಲು ಕಂಪ್ಯೂಟರ್ ಪರದೆಯ ಉದ್ದಗಲ ಅಳೆದು ಬರೆದುಕೊಂಡರು. ಆಮೇಲೆ ಆಟ ತೋರಿಸುವಂತೆ ಹೇಳಿದರು. ಆಟ ಪರೀಕ್ಷಿಸುವ ಕೆಲಸ ಕಾಪುವಿನ ಸಾಬಿತನದ್ದು. ಅವನು ಆಡಿದ. ಪೆಟ್ಟು ಬಿತ್ತು, ನೀರು ನುಗ್ಗಿತು, ಸಾಬಿತ್ ಓಡಿ ಬಾಗಿಲು ಎಳೆದು ಚಕ್ರ ತಿರುಗಿಸಿದ. ನೀರು ಆಚೆಯೇ ನಿಂತಿತು. ದೀಕ್ಷಿತಾ ಇಂಜಿನಿಯರರ ಮುಖ ನೋಡಿದಳು. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು.

“ನೀರು ಬರುವಾಗ ಬಾಗಿಲು ಹಾಕುದಾ?” ಎಂದು ಜಿತೇಂದ್ರ ಕೇಳಿದರು.

“ಹೌದು ಸರ್. ಹಾಕದಿದ್ರೆ ಮುಳುಗ್ತದೆ.”

“ನೀರು ಬರುವಾಗ ತೆಗೆಯುದು ಮೇಡಂ, ಹಾಕುದಲ್ಲ. ಇಪ್ಪತ್ತಾರು ವರ್ಷ ಆಯ್ತು ನನಗೆ, ನೀರು ಬರುವಾಗ ಹಾಕಿದವರನ್ನು ನಾನು ನೋಡಿಲ್ಲ.”

“ಅದು ಅಣೆಕಟ್ಟು ಸರ್. ಇದರ ಒಳಗೆ ಜನ ಉಂಟು.”

“ಅಣೆಕಟ್ಟಿನಲ್ಲೂ ಜನ ಉಂಟಲ್ವಾ. ಮೇಲೆ ನಡ್ಕೊಂಡು ಹೋಗ್ತಾರೆ.”

ದೀಕ್ಷಿತಾ ಮುಕ್ಕಾಲು ಗಂಟೆ ವಿವರಿಸಿದಳು. ಜಿತೇಂದ್ರ ಒಮ್ಮೆಯೂ ಸಿಡುಕಲಿಲ್ಲ, ನಡುವೆ ಬಾಯಿ ಹಾಕಲಿಲ್ಲ, ಅವಳು ಕೊಟ್ಟ ಚಹಾ ಕುಡಿದರು, ಹೊರಡುವಾಗ ನೀರು ಬಹಳ ಚಂದ ಮಾಡಿದ್ದೀರಿ ಎಂದು ಮನಸಾರೆ ಹೊಗಳಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ವರದಿ ಹದಿನೈದು ದಿನದಲ್ಲಿ ಬಂತು. ಅದರ ಪ್ರಕಾರ, ಆಟದಲ್ಲಿರುವ ಹನ್ನೊಂದು ಉಕ್ಕಿನ ಬಾಗಿಲುಗಳು ಯಾವುದೇ ಅನುಮೋದಿತ ಮಾದರಿಗೆ ಸೇರಿರುವುದಿಲ್ಲ. ಅವುಗಳನ್ನು ತೆಗೆದು ಪ್ರತಿ ದ್ವಾರಕ್ಕೆ ಎರಡು ಸಾಲು ಹಲಗೆ ಅಳವಡಿಸತಕ್ಕದ್ದು, ಸಾಲುಗಳ ನಡುವೆ ಕೆಂಪು ಮಣ್ಣು ತುಂಬತಕ್ಕದ್ದು. ನೀರು ಇಲ್ಲದಿರುವಾಗ ಹಲಗೆ ಹಾಕಿರತಕ್ಕದ್ದು. ನೀರು ನುಗ್ಗಿದ ಕೂಡಲೇ ಹಲಗೆಗಳನ್ನು ತೆಗೆಯತಕ್ಕದ್ದು. ಆದರೆ ಯಾರೂ ತಮ್ಮಷ್ಟಕ್ಕೆ ತೆಗೆಯುವಂತಿಲ್ಲ. ಅದಕ್ಕಾಗಿ ನಾವಿಕರು ಸೇರಿ ನೌಕಾ ನೀರು ಬಳಕೆದಾರರ ಸಂಘವೊಂದನ್ನು ರಚಿಸಿ, ಅಧ್ಯಕ್ಷರನ್ನು ಆರಿಸಿ, ನಿರ್ಣಯ ಕೈಗೊಂಡು, ನಮೂನೆ ಮೂರರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಮಂಡಳಿಯು ವರದಿಯನ್ನು ಅವಿರೋಧವಾಗಿ ಅಂಗೀಕರಿಸಿತು. ಹಲಗೆ ಪೂರೈಸುವ ಗುತ್ತಿಗೆಯನ್ನೂ ಅದೇ ಸಭೆಯಲ್ಲಿ ಕೊಡಲಾಯಿತು. ಗುತ್ತಿಗೆದಾರರು ಮಂಡಳಿಯ ಅಧ್ಯಕ್ಷರ ಭಾವನವರಾಗಿರುವುದು ಕಾಕತಾಳೀಯ ಎಂದು ನಡಾವಳಿಯಲ್ಲೇ ದಾಖಲಾಗಿರುವುದರಿಂದ ಆ ಬಗ್ಗೆ ಅನುಮಾನಕ್ಕೆ ಆಸ್ಪದವಿಲ್ಲ.

ಆಟಕ್ಕೆ ಬೇಕಾಗಿದ್ದುದು ಹಲಗೆಯ ಚಿತ್ರ. ಗುತ್ತಿಗೆಯಲ್ಲಿ ಚಿತ್ರ ಎಂದು ಇರಲಿಲ್ಲ. ಹೀಗಾಗಿ ಬುಧವಾರ ಲಾರಿ ಬಂತು. ಹನ್ನೊಂದು ದ್ವಾರಗಳಿಗೆ ಇನ್ನೂರ ಅರುವತ್ತನಾಲ್ಕು ಹಲಗೆ, ಜೊತೆಗೆ ಒಂದು ಟಿಪ್ಪರ್ ಕೆಂಪು ಮಣ್ಣು. ಹಲಗೆಗಳನ್ನು ಮೆಟ್ಟಿಲಿನ ಮೇಲೂ ಕಾರಿಡಾರಿನಲ್ಲೂ ಪೇರಿಸಿದರು, ಮಣ್ಣನ್ನು ರೇಮಂಡರ ಕಾರಿನ ಹಿಂದೆ ಸುರಿದರು. ಇಳಿಸಿದವರು ಸಾಬಿತನ ಸಹಿ ತೆಗೆದುಕೊಂಡು, ಹಲಗೆಗಳನ್ನು ಜಲಾಂತರ್ಗಾಮಿಯೊಳಗೆ ಸಾಗಿಸುವುದು ತಮ್ಮ ಕೆಲಸವಲ್ಲ ಎಂದು ತಿಳಿಸಿ ಹೋದರು. ಅಂದಿನಿಂದ ಎಲ್ಲರೂ ಹಲಗೆಗಳ ಪಕ್ಕದಲ್ಲಿ ಮೈ ಅಡ್ಡ ಮಾಡಿಕೊಂಡು ಕಚೇರಿಗೆ ಹೋಗಿಬರುವುದನ್ನು ರೂಢಿ ಮಾಡಿಕೊಂಡರು.

ರೇಮಂಡ್ ಕೆಟ್ಟವರಲ್ಲ. ಒಂಬತ್ತು ಜನರ ಸಂಸಾರ ತಲೆಯ ಮೇಲಿದ್ದವರು. ಅವರು ದೀಕ್ಷಿತಾಳನ್ನು ಕೂರಿಸಿ, ಹಲಗೆ ಹಾಕಿದರೆ ಆಟ ಹೊರಗೆ ಬರುತ್ತದೆ, ಹಾಕದಿದ್ದರೆ ಕಪಾಟಿಗೆ ಹೋಗುತ್ತದೆ, ನಾವು ಬೀದಿಗೆ ಹೋಗುತ್ತೇವೆ, ನೀನೇ ಹೇಳು ಎಂದರು. ಅವಳು ಒಂದೇ ಒಂದು ಅವಕಾಶ ಕೇಳಿದಳು. ಸಮುದ್ರದಲ್ಲಿ ನಿಜವಾಗಿ ಬಾಗಿಲು ಹಾಕಿ ಬದುಕಿದವರೊಬ್ಬರನ್ನು ಮಂಡಳಿಯ ಮುಂದೆ ನಿಲ್ಲಿಸುತ್ತೇನೆ, ಅವರ ಮಾತು ಕೇಳಿದ ಮೇಲೂ ಹಲಗೆ ಎಂದರೆ ನಾನೇ ಕೈಯಾರೆ ಹಾಕಿ ಕೊಡುತ್ತೇನೆ ಎಂದಳು.

ಚೆನ್ನಪ್ಪ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಬಂದರು. ಬನ್ನಂಜೆಯ ಕಚೇರಿಯಲ್ಲಿ ಅಧ್ಯಕ್ಷರು, ನಾಲ್ವರು ಸದಸ್ಯರು, ಕಾರ್ಯದರ್ಶಿ ಭವ್ಯಶ್ರೀ, ಕೊನೆಯ ಕುರ್ಚಿಯಲ್ಲಿ ಜಿತೇಂದ್ರ. ಚೆನ್ನಪ್ಪ ಅಂದು ನಡೆದುದನ್ನು ನಡೆದ ಹಾಗೆ ಹೇಳಿದರು. ಶಾಫ್ಟ್ ಹೋದದ್ದು, ಬಾಗಿಲು ಹಾಕಿದ್ದು, ಬಲೆ ತುರುಕಿದ್ದು, ಬಾಗಿಲಿನ ಆಚೆ ನೀರು ಗುದ್ದುವುದು ಬೆನ್ನಿಗೆ ಗೊತ್ತಾಗುತ್ತಿದ್ದದ್ದು. ಅದನ್ನೆಲ್ಲ ಅವರು ಮನೆಯಲ್ಲಿ ಇಷ್ಟು ಬಿಡಿಸಿ ಎಂದೂ ಹೇಳಿರಲಿಲ್ಲ. ದೀಕ್ಷಿತಾಳಿಗೆ ಅಪ್ಪನ ಬಗ್ಗೆ ಬಹಳ ಹೆಮ್ಮೆಯೆನಿಸಿತು. ಸದಸ್ಯರೊಬ್ಬರು ಕಣ್ಣೊರೆಸಿಕೊಂಡದ್ದನ್ನೂ ಅವಳು ನೋಡಿದಳು, ಗೆದ್ದೆವು ಎಂದೇ ತಿಳಿದಳು.

ಭವ್ಯಶ್ರೀ ಎಲ್ಲವನ್ನೂ ಬರೆದುಕೊಂಡ ಮೇಲೆ ಒಂದು ಪ್ರಶ್ನೆ ಕೇಳಿದರು. “ಇದು ಯಾವ ತಿಂಗಳಲ್ಲಿ ಆದದ್ದು?”

“ಆಗಸ್ಟ್. ಮಳೆಗಾಲದ ರಜೆ ಮುಗಿದು ಬೋಟ್ ಇಳಿಸಿದ ವಾರವೇ.”

ಅಧ್ಯಕ್ಷರು ಜಿತೇಂದ್ರರ ಕಡೆ ನೋಡಿದರು. ಜಿತೇಂದ್ರ ಬಹಳ ಸಂಕಟದಿಂದ ಎದ್ದು ನಿಂತರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವುದೇ ಹಲಗೆ, ಬಾಗಿಲು ಅಥವಾ ತತ್ಸಮಾನ ತಡೆಯನ್ನು ನೀರಿಗೆ ಅಡ್ಡವಾಗಿ ಹಾಕುವುದು ನಿಷಿದ್ಧ ಎಂದು ತಿಳಿಸಿದರು. ಆಮೇಲೆ ಅಧ್ಯಕ್ಷರು ಕೈಮುಗಿದು ಸೌಜನ್ಯದಿಂದಲೇ ಹೇಳಿದರು.

“ಚೆನ್ನಪ್ಪಣ್ಣ, ನಿಮ್ಮ ಮೇಲೆ ನಮಗೆ ಗೌರವ ಉಂಟು. ಆದರೆ ನೀವು ಬಾಗಿಲು ಹಾಕಿದ್ದು ತಪ್ಪು. ಏಳು ಜನ ಉಳಿದಿದ್ದಾರೆ, ಹಾಗಾಗಿ ನಾವು ಅದನ್ನು ದೊಡ್ಡದು ಮಾಡುದಿಲ್ಲ. ಒಂದು ತಪ್ಪೊಪ್ಪಿಗೆ ಬರೆದು ಕೊಡಿ, ಸಾಕು.”

ದೀಕ್ಷಿತಾ ಎದ್ದು ನಿಂತಳು. ಬಾಗಿಲು ಹಾಕದಿದ್ದರೆ ಇವರು ಇವತ್ತು ಇಲ್ಲಿ ನಿಂತಿರುತ್ತಿರಲಿಲ್ಲ ಎಂದಳು. ಅದು ನಿಜ ಎಂದು ಅಧ್ಯಕ್ಷರು ಒಪ್ಪಿದರು. ನಿಲ್ಲದಿದ್ದರೆ ತಪ್ಪೊಪ್ಪಿಗೆಯ ಪ್ರಶ್ನೆಯೂ ಬರುತ್ತಿರಲಿಲ್ಲ ಎಂದರು. ಅವಳಿಗೆ ಮೈಯೆಲ್ಲ ಉರಿಯಿತು. ಸ್ವಲ್ಪ ಮೊದಲು ಪಟ್ಟಿದ್ದ ಹೆಮ್ಮೆ ಹೋಗಿ, ಅಪ್ಪನನ್ನು ಇಲ್ಲಿಗೆ ಕರೆತಂದ ನಾನೇ ಪಾಪಿ ಎನ್ನಿಸಿತು. ಅವಳು ಅಪ್ಪನ ಕೈ ಹಿಡಿದು ಹೊರಡೋಣ ಎಂದಳು. ಚೆನ್ನಪ್ಪ ಅದಾಗಲೇ ಪೆನ್ನು ಕೇಳುತ್ತಿದ್ದರು.

“ಬರೆಯುವಾ, ಮಗಾ. ಇವರ ಹತ್ತಿರ ಜಗಳ ಮಾಡಿ ನಿನ್ನ ಕೆಲಸ ಯಾಕೆ ಹಾಳು ಮಾಡುದು? ನೀರಿನ ಹತ್ತಿರ ಕ್ಷಮೆ ಕೇಳ್ಬೇಕಾಗಿ ಬಂದಿಲ್ಲಲ್ಲ, ಕಾಗದದ ಹತ್ತಿರ ತಾನೇ.”

ಹತ್ತೊಂಬತ್ತು ವರ್ಷಗಳ ಹಿಂದೆ ಮಳೆಗಾಲದಲ್ಲಿ ಸಕ್ಷಮ ಪ್ರಾಧಿಕಾರದ ಅನುಮತಿಯಿಲ್ಲದೆ ನೀರನ್ನು ತಡೆದು ಏಳು ಜನರನ್ನು ಬದುಕಿಸಿದ್ದಕ್ಕೆ ವಿಷಾದಿಸುತ್ತೇನೆ, ಇನ್ನು ಮುಂದೆ ಹೀಗೆ ಆಗದಂತೆ ನೋಡಿಕೊಳ್ಳುತ್ತೇನೆ ಎಂದು ಚೆನ್ನಪ್ಪ ಬರೆದುಕೊಟ್ಟರು. ವಾಕ್ಯ ರಚನೆಗೆ ಭವ್ಯಶ್ರೀ ಸಹಾಯ ಮಾಡಿದರು. ಅದನ್ನು ಅಂಗೀಕರಿಸಿ, ಅವರಿಗೆ ಶಾಲು ಹೊದಿಸಿ ಸನ್ಮಾನಿಸಲಾಯಿತು.

ಮಾತು ಕೊಟ್ಟ ಪ್ರಕಾರ ದೀಕ್ಷಿತಾ ಮರುದಿನ ಕೂತು ಬಾಗಿಲುಗಳನ್ನು ಒಂದೊಂದಾಗಿ ತೆಗೆದಳು. ಹನ್ನೊಂದನೆಯದನ್ನು ತೆಗೆಯುವಾಗ ಅತ್ತಳು. ಆಮೇಲೆ ಮುಖ ತೊಳೆದು ಬಂದು ಹಲಗೆ ಹಾಕಿದಳು. ಕೆಲಸವೆಂದರೆ ಅವಳಿಗೆ ಅಚ್ಚುಕಟ್ಟಾಗಿಯೇ ಆಗಬೇಕು. ಹಲಗೆಯ ಸಂದಿಯಿಂದ ನೀರು ಜಿನುಗುವುದು, ಮಣ್ಣು ಕರಗಿ ಕೆಂಪಗೆ ಹರಿಯುವುದು, ನಮೂನೆ ಮೂರು ಒದ್ದೆಯಾದರೆ ಅಕ್ಷರ ಹರಡುವುದು, ಎಲ್ಲ ನೈಜವಾಗಿಯೇ ಬಂದವು. ಸಾಬಿತ್ ಪರೀಕ್ಷೆಗೆ ಕೂತ. ಮೊದಲ ವಾರ ಇನ್ನೂರ ಹನ್ನೆರಡು ಸಲ ಮುಳುಗಿದ. ಸಂಘದ ಅಧ್ಯಕ್ಷನ ಆಯ್ಕೆ ಮುಗಿಯುವಷ್ಟರಲ್ಲಿ ನೀರು ಸೊಂಟಕ್ಕೆ ಬರುತ್ತಿತ್ತು, ನಿರ್ಣಯ ಓದಿ ದೃಢೀಕರಿಸುವಷ್ಟರಲ್ಲಿ ಕುತ್ತಿಗೆಗೆ. ಅರ್ಜಿ ಮಂಜೂರಾದರೆ ಹಲಗೆ ತೆಗೆಯಲಾಗುತ್ತಿತ್ತು, ಉಳಿದ ಕೋಣೆಗಳೂ ತುಂಬುತ್ತಿದ್ದವು.

ಹೀಗಾದರೆ ಯಾರೂ ಗೆಲ್ಲುವುದಿಲ್ಲವಲ್ಲ ಎಂದು ರೇಮಂಡ್ ಮಂಡಳಿಗೆ ಬರೆದರು. ಮಂಡಳಿ ಈ ಕುಂದನ್ನು ಗಂಭೀರವಾಗಿ ಪರಿಗಣಿಸಿ ಗೆಲುವಿನ ವ್ಯಾಖ್ಯೆಯನ್ನು ತಿದ್ದಿತು. ಇನ್ನು ಮುಂದೆ ಬದುಕಿ ಉಳಿಯುವುದು ಗೆಲುವಲ್ಲ. ಮುಳುಗುವ ಮೊದಲು ಅರ್ಜಿಯನ್ನು ಎಲ್ಲ ಅಂಕಣ ತುಂಬಿ ಸಲ್ಲಿಸಿದವನು ಗೆದ್ದಂತೆ. ಅದಕ್ಕೆ ‘ಕ್ರಮಬದ್ಧ ಮುಳುಗಡೆ’ ಎಂದು ಹೆಸರು. ಅರ್ಜಿ ಅಪೂರ್ಣವಾಗಿದ್ದು ಮುಳುಗಿದರೆ ಅದು ‘ಅಕ್ರಮ ಮುಳುಗಡೆ’, ಅಂಥವರು ಮೊದಲಿನಿಂದ ಆಡಬೇಕು. ಇಷ್ಟಾದ ಮೇಲೆ ಆಟಕ್ಕೆ ನೂರಕ್ಕೆ ನೂರು ನೈಜತೆಯ ಪ್ರಮಾಣಪತ್ರ ದೊರೆಯಿತು. ಜಿಲ್ಲೆಯಲ್ಲಿ ಈವರೆಗೆ ಇನ್ನಾವ ಆಟಕ್ಕೂ ಅರುವತ್ತರ ಮೇಲೆ ಬಂದಿರಲಿಲ್ಲ.

ಆಟ ಹೊರಗೆ ಬಂದ ಮೇಲೆ ಜನ ಆಡಲಾರರು ಎಂದು ದೀಕ್ಷಿತಾ ಒಳಗೊಳಗೇ ಆಸೆಪಟ್ಟಿದ್ದಳು. ಜನ ಆಡಿದರು. ಕಾರ್ಕಳದ ಕಾಲೇಜು ಹುಡುಗರು ಐವತ್ತೊಂಬತ್ತು ಸೆಕೆಂಡಿನಲ್ಲಿ ಕ್ರಮಬದ್ಧವಾಗಿ ಮುಳುಗಿ ದಾಖಲೆ ಮಾಡಿದರು. ಮಣಿಪಾಲದಲ್ಲಿ ನಮೂನೆ ಮೂರು ಬೇಗ ತುಂಬಲು ಕಲಿಸುವ ತರಗತಿ ಶುರುವಾಯಿತು. ದೂರದ ಊರುಗಳಿಂದ ಪತ್ರ ಬಂದವು. ಇಷ್ಟು ನಿಜವೆನಿಸುವ ಆಟ ನಾವು ಆಡಿಯೇ ಇಲ್ಲ, ನಮ್ಮ ಕಚೇರಿಯೂ ಹೀಗೆಯೇ ಎಂದು. ಯಾರೂ ಬಾಗಿಲು ಎಲ್ಲಿ ಎಂದು ಕೇಳಲಿಲ್ಲ. ಕಂಪನಿಗೆ ಮೂರನೇ ಮಹಡಿಯೂ ಸಿಕ್ಕಿತು. ದೀಕ್ಷಿತಾಳಿಗೆ ಮುಖ್ಯ ಹಲಗೆ ವಿನ್ಯಾಸಕಿ ಎಂದು ಬಡ್ತಿಯಾಯಿತು. ಅವಳು ಬೇಡ ಎನ್ನಲಿಲ್ಲ. ಮನೆಯಲ್ಲಿ ಸಿಹಿ ಹಂಚಿದರು.

ಕಾಪುವಿನ ಸಭಾಭವನದಲ್ಲಿ ವಿಜಯೋತ್ಸವ ಏರ್ಪಾಡಾಯಿತು. ದೊಡ್ಡ ಪರದೆ, ಮುಂದಿನ ಸಾಲಿನಲ್ಲಿ ಮಂಡಳಿ, ಅದರ ಹಿಂದೆ ಇನ್ನೂರು ಜನ. ಮೊದಲು ಅಧ್ಯಕ್ಷರು ಆಡಿ ಅಕ್ರಮವಾಗಿ ಮುಳುಗಿದರು. ತಾಂತ್ರಿಕ ಕಾರಣದಿಂದ ಅದನ್ನು ಕ್ರಮಬದ್ಧವೆಂದು ಘೋಷಿಸಲಾಯಿತು. ಆಮೇಲೆ ಸಮುದ್ರದ ಅನುಭವವುಳ್ಳ ಹಿರಿಯರೊಬ್ಬರು ಆಡಬೇಕು ಎಂದು ಭವ್ಯಶ್ರೀ ಮೈಕಿನಲ್ಲಿ ಕರೆದರು. ಚೆನ್ನಪ್ಪ ಎದ್ದು ವೇದಿಕೆಗೆ ಬಂದರು. ದೀಕ್ಷಿತಾ ಅವರ ಪಕ್ಕದಲ್ಲಿ ಕೂತು ಯಾವ ಗುಂಡಿ ಯಾವುದಕ್ಕೆ ಎಂದು ತೋರಿಸಿಕೊಟ್ಟಳು.

ನೌಕೆಗೆ ಪೆಟ್ಟು ಬಿತ್ತು. ನೀರು ನುಗ್ಗಿತು. ಅದು ಅವಳೇ ಮಾಡಿದ ನೀರು. ಅದರ ಸದ್ದಿಗೆ ಚೆನ್ನಪ್ಪನವರ ಭುಜ ಸೆಟೆಯಿತು. ಅವರು ಪರದೆಯ ಎಡಬಲ ನೋಡಿದರು.

“ಬಾಗಿಲು ಹಾಕುದು ಎಲ್ಲಿ?” ಎಂದು ಮೆಲ್ಲಗೆ ಕೇಳಿದರು.

“ಹಾಕ್ಲಿಕ್ಕೆ ಎಂತ ಇಲ್ಲ ಅಪ್ಪ. ಅರ್ಜಿ ಬರಿಯಿರಿ.”

ಚೆನ್ನಪ್ಪ ಒಂದು ಕ್ಷಣ ಮಗಳ ಮುಖ ನೋಡಿದರು. ಆಮೇಲೆ ಕನ್ನಡಕ ಏರಿಸಿಕೊಂಡು, ಒಂದೇ ಬೆರಳಿನಲ್ಲಿ ಒತ್ತುತ್ತ ಹೆಸರು ಬರೆದರು, ಸಂಘದ ಹೆಸರು ಬರೆದರು, ಹಲಗೆ ತೆಗೆಯಲು ಕಾರಣ ಎಂಬಲ್ಲಿ ‘ನೀರು ಬಂದಿದೆ’ ಎಂದು ಬರೆದರು. ನೀರು ಮೊಣಕಾಲು ದಾಟಿತು, ಎದೆ ದಾಟಿತು. ಸಭೆ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಜಿತೇಂದ್ರ ಕುರ್ಚಿಯ ತುದಿಗೆ ಬಂದಿದ್ದರು. ಗಲ್ಲದವರೆಗೆ ನೀರು ಬಂದಾಗ ಚೆನ್ನಪ್ಪ ಸಲ್ಲಿಸುವ ಗುಂಡಿಯ ಕಡೆ ಬೆರಳು ಒಯ್ದರು. ದೀಕ್ಷಿತಾ ಅವರ ಮುಂಗೈ ಹಿಡಿದು ತಡೆದಳು.

“ಅಪ್ಪ, ದಿನಾಂಕ ಹಾಕ್ಲಿಲ್ಲ ನೀವು.”

ಚೆನ್ನಪ್ಪ ದಿನಾಂಕ ಹಾಕಿದರು, ಸಲ್ಲಿಸಿದರು, ಮುಳುಗಿದರು. ಅರ್ಜಿಯು ಎಲ್ಲ ವಿಧದಲ್ಲೂ ಕ್ರಮಬದ್ಧವಾಗಿದೆ ಎಂದು ಪರದೆಯ ಮೇಲೆ ಬಂತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ದೀಕ್ಷಿತಾಳೂ ತಟ್ಟಿದಳು.